‘ಮೇಡಂ ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ’

ಶಾಲೆಗಳು ತೆರೆದು ಎರಡು ತಿಂಗಳಾಗುತ್ತಾ ಬಂತು. ಈ ಅವಧಿಯಲ್ಲಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಪಾಠ, ಪರೀಕ್ಷೆ, ಮಕ್ಕಳ ಹಠ ಇವುಗಳಿಗಿಂತ ಹೆಚ್ಚಾಗಿ ಶಾಲೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿರುವ ರಿಸೆಪ್ಷನಿಸ್ಟರ ಮೇಲಿನ ದೂರುಗಳೇ ಇವೆ. ಹಾಸನ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು ನಾನು. ಆದ್ದರಿಂದ ಈ ವಿಷಯದಲ್ಲಿ ನನ್ನನ್ನು ಪೂರ್ತಿ ನಿಷ್ಪಕ್ಷಪಾತಿ ಎಂದು ತಿಳಿಯಬೇಡಿ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಕೊನೆಯದು ಆ ಮೇಜಿನ ಹಿಂದಿನಿಂದಲೇ ಬಂದಿದೆ.

ಪ್ರಶ್ನೆ: ನಾನು ಆಲೂರು ತಾಲ್ಲೂಕಿನ ರೈತ. ಮಗಳು ಹಾಸನದ ಖಾಸಗಿ ಶಾಲೆಯೊಂದರಲ್ಲಿ ಐದನೇ ತರಗತಿ ಮುಗಿಸಿದ್ದಾಳೆ. ಫೀಸು ಮತ್ತು ವ್ಯಾನಿನ ಬಾಡಿಗೆ ಎರಡನ್ನೂ ಹೊಂದಿಸಲಾಗದೆ ಈ ವರ್ಷ ಅವಳನ್ನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಲು ತೀರ್ಮಾನಿಸಿದೆವು. ಟಿ.ಸಿ.ಗಾಗಿ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ದಿನ ‘ಮೇಡಂ ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ’ ಎಂದರು. ಎರಡನೆಯ ದಿನ ಕಂಪ್ಯೂಟರಿನವರು ರಜೆ. ಮೂರನೆಯ ದಿನ ಸರ್ವರ್ ಇಲ್ಲ. ನಾಲ್ಕನೆಯ ದಿನ, ಅದುವರೆಗೆ ಯಾರೂ ಬಾಯಿ ಬಿಡದಿದ್ದ 6,500 ರೂಪಾಯಿ ಬಾಕಿ ಪ್ರತ್ಯಕ್ಷವಾಯಿತು. ಅದನ್ನು ಕಟ್ಟಿದರೆ ಮಾತ್ರ ಟಿ.ಸಿ. ಎಂದರು. ಕೌಂಟರಿನಲ್ಲಿರುವ ಹುಡುಗಿ ನಾಲ್ಕು ದಿನವೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನಾನು ನಿಂತಿರುವಾಗಲೇ ಕಾರಿನಲ್ಲಿ ಬಂದವರೊಬ್ಬರು ನೇರವಾಗಿ ಒಳಗೆ ಹೋಗಿ ಬಂದರು. ನಮ್ಮೂರಿನ ಮೇಷ್ಟ್ರು, ಹಳೆಯ ಶಾಲೆಯವರು ಸ್ಯಾಟ್ಸ್‌ನಲ್ಲಿ ಮಗುವನ್ನು ಬಿಟ್ಟುಕೊಡುವವರೆಗೆ ತಮ್ಮ ಪಟ್ಟಿಗೆ ಹೆಸರು ಬರುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಓದುತ್ತಾ ನನಗೆ ಒಂದು ಒದ್ದೆ ಛತ್ರಿ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಕೆಲಸ ಆಗಲಿ.

ಮಗಳನ್ನು ಇವತ್ತೇ ಊರಿನ ಶಾಲೆಗೆ ಕಳುಹಿಸಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಮಗು ಕೊನೆಯದಾಗಿ ಓದಿದ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕು. ಅದು ಬರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ದಾಖಲಾತಿಯನ್ನು ನಿರಾಕರಿಸುವಂತೆಯೂ ಇಲ್ಲ, ಮುಂದೂಡುವಂತೆಯೂ ಇಲ್ಲ. ತಡಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುವ ಕಾಯ್ದೆ ಇದು, ನಿಮ್ಮ ಮಗಳು ಅದರೊಳಗೆ ಬರುತ್ತಾಳೆ. ನಿಮ್ಮೂರಿನ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಸ್ಯಾಟ್ಸ್ ಎಂಬುದು ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶ. ಅದರಲ್ಲಿ ಮಗು ಒಂದು ಶಾಲೆಯಿಂದ ಬಿಡುಗಡೆಯಾಗದೆ ಇನ್ನೊಂದು ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ತೊಡಕನ್ನು ಬಿಡಿಸಬೇಕಾದವರು ಎರಡು ಶಾಲೆಗಳು ಮತ್ತು ಇಲಾಖೆಯವರು. ಅದು ಮುಗಿಯುವವರೆಗೆ ಮಗು ಮನೆಯಲ್ಲಿ ಕೂರಬೇಕಾಗಿಲ್ಲ.

ಇನ್ನು ಹಾಸನದ ಶಾಲೆ. ಐದನೆಯ ಸಲ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆಯಲ್ಲಿ ಮಗಳ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ, ಟಿ.ಸಿ. ಬೇಕಾಗಿರುವ ಕಾರಣ, ನೀವು ಈಗಾಗಲೇ ಬಂದುಹೋದ ನಾಲ್ಕು ದಿನಾಂಕಗಳು ಮತ್ತು ಪ್ರತಿ ದಿನ ಕೊಟ್ಟ ಉತ್ತರ, ಇಷ್ಟನ್ನು ಕನ್ನಡದಲ್ಲಿ ಬರೆದು ಸಹಿ ಮಾಡಿ, ಅದರ ಜೆರಾಕ್ಸ್ ಒಂದನ್ನು ಇಟ್ಟುಕೊಂಡು, ಕೌಂಟರಿನಲ್ಲಿ ಮೂಲಪ್ರತಿಯನ್ನು ಕೊಟ್ಟು ಜೆರಾಕ್ಸಿನ ಮೇಲೆ ಶಾಲೆಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಬಾಕಿಯ ವಿಷಯವನ್ನು ಅದೇ ಅರ್ಜಿಯ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಕೇಳಿ: ಈ 6,500 ರೂಪಾಯಿ ಯಾವ ವರ್ಷದ, ಯಾವ ಬಾಬ್ತಿನದೆಂದು ಲಿಖಿತವಾಗಿ ತಿಳಿಸಬೇಕು. ಬಾಕಿ ನಿಜವಾಗಿಯೂ ಇದ್ದರೆ ಅದು ನೀವು ತೀರಿಸಬೇಕಾದ ಹಣವೇ. ಕಂತು ಕೇಳಿ, ಕಟ್ಟಿ, ರಸೀದಿ ಪಡೆಯಿರಿ. ಆದರೆ ಕಾಯ್ದೆಯಲ್ಲಿ ‘ತಕ್ಷಣ’ ಎಂಬ ಪದದ ಪಕ್ಕದಲ್ಲಿ ‘ಬಾಕಿ ತೀರಿಸಿದ ಮೇಲೆ’ ಎಂಬ ಪದಗಳಿಲ್ಲ.

ಅರ್ಜಿಯನ್ನು ಮುಟ್ಟುವುದಿಲ್ಲ ಎಂದರೆ ಜಗಳವಾಡದೆ ಎದ್ದು ಅಂಚೆ ಕಚೇರಿಗೆ ಹೋಗಿ. ನಮ್ಮ ಕಾಲದ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಆದರೂ ಮುಟ್ಟಿದ್ದಕ್ಕೆ ದಾಖಲೆ ಸಿಗುತ್ತದೆ. ವಾರದೊಳಗೆ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ನಿಮ್ಮ ಮನೆ ಆಲೂರಿನಲ್ಲಿದ್ದರೂ ಶಾಲೆ ಇರುವುದು ಹಾಸನದಲ್ಲಿ, ಆದ್ದರಿಂದ ದೂರು ಹೋಗಬೇಕಾದುದು ಹಾಸನದ ಬಿ.ಇ.ಒ. ಕಚೇರಿಗೆ. ಅಲ್ಲಿಂದ ಮೇಲೆ ಉಪನಿರ್ದೇಶಕರಿದ್ದಾರೆ. ಶುಲ್ಕದ ತಕರಾರು ದೊಡ್ಡದಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವಿದೆ. ನನ್ನ ಅನುಭವದಲ್ಲಿ ಅಷ್ಟು ದೂರ ಹೋಗಬೇಕಾಗುವುದು ಅಪರೂಪ. ಮುದ್ರೆ ಬಿದ್ದ ಕಾಗದವೊಂದು ಪೋಷಕರ ಜೇಬಿನಲ್ಲಿದೆ ಎಂದು ಗೊತ್ತಾದ ದಿನವೇ ಸರ್ವರ್ ಸರಿಹೋಗುವುದನ್ನು ನಾನು ಕಂಡಿದ್ದೇನೆ.

ಈಗ ತಲೆ ಎತ್ತದ ಆ ಹುಡುಗಿಯ ವಿಷಯ. ಖಾಸಗಿ ಶಾಲೆಯ ಕೌಂಟರಿನಲ್ಲಿ ಕುಳಿತವರಿಗೆ ‘ಆಗುತ್ತದೆ’ ಎನ್ನುವ ಅಧಿಕಾರವಿಲ್ಲ, ‘ಆಗುವುದಿಲ್ಲ’ ಎನ್ನುವ ಅಧಿಕಾರವೂ ಇಲ್ಲ. ಅವರಿಗೆ ಕೊಟ್ಟಿರುವುದು ‘ನಾಳೆ ಬನ್ನಿ’ ಎನ್ನುವ ಅಧಿಕಾರವೊಂದನ್ನೇ. ಟಿ.ಸಿ. ಕೊಡಬೇಡ ಎಂದು ಒಳಗಿನಿಂದ ಯಾರೋ ಹೇಳಿರುತ್ತಾರೆ, ಕಾರಣವನ್ನು ಹೊಂದಿಸುವುದು ಅವಳ ಪಾಲಿಗೆ ಬರುತ್ತದೆ. ಸುಳ್ಳು ಹೇಳುವಾಗ ಮುಖ ನೋಡುವುದು ಕಷ್ಟ. ಇದನ್ನು ಅವಳ ಪರವಾಗಿ ವಕಾಲತ್ತು ಎಂದು ತಿಳಿಯಬೇಡಿ, ಏಕೆಂದರೆ ಒಳಗಿನಿಂದ ಹಾಗೆ ಹೇಳಿ ಕಳುಹಿಸಿದವರಲ್ಲಿ ನಾನೂ ಒಬ್ಬಳು.

ಹಲವು ವರ್ಷಗಳ ಹಿಂದಿನ ಒಂದು ಜುಲೈ. ಸಿಬ್ಬಂದಿಯ ವೇತನ ಬಿಲ್ಲನ್ನು ಅಂದು ಸಂಜೆಯೊಳಗೆ ತಲುಪಿಸಬೇಕಾಗಿದ್ದುದರಿಂದ, ಯಾರು ಬಂದರೂ ನಾನು ಮೀಟಿಂಗಿನಲ್ಲಿದ್ದೇನೆ ಎಂದು ಹೇಳುವಂತೆ ನಮ್ಮ ಗುಮಾಸ್ತರಿಗೆ ತಿಳಿಸಿ ಬಾಗಿಲು ಮುಂದೆ ಮಾಡಿಕೊಂಡಿದ್ದೆ. ಒಳಗೆ ಇದ್ದವಳು ನಾನೊಬ್ಬಳೇ. ಎರಡು ಗಂಟೆಗೆ ಹೊರಗೆ ಬಂದರೆ ನೋಟಿಸ್ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಒಬ್ಬ ತಾಯಿ ಕುಳಿತಿದ್ದರು. ಮಡಿಸಿ ಒರಗಿಸಿದ್ದ ಅವರ ಛತ್ರಿಯಿಂದ ಇಳಿದ ನೀರು ನೆಲದ ಮೇಲೆ ಹರಿದು ನನ್ನ ಕೋಣೆಯ ಹೊಸ್ತಿಲವರೆಗೆ ಬಂದು, ಅಲ್ಲಿಯೇ ಒಣಗಿ, ಗೆರೆಯಾಗಿ ಉಳಿದಿತ್ತು. ಹತ್ತೂವರೆಗೆ ಬಂದವರಂತೆ. ಶಕ್ತಿ ಯೋಜನೆ ಇಲ್ಲದ ಕಾಲ, ಮಗಳ ಬಸ್ ಪಾಸಿನ ಅರ್ಜಿಗೆ ನನ್ನ ಸಹಿ ಬೇಕಾಗಿತ್ತು. ಅರ್ಧ ನಿಮಿಷದ ಕೆಲಸ. ಅವರು ಎದ್ದು ನಿಂತು, ಯಾವ ಕೊಂಕೂ ಇಲ್ಲದೆ, ‘ಮೀಟಿಂಗ್ ಮುಗೀತಾ ಮೇಡಂ?’ ಎಂದರು. ಸಹಿ ಮಾಡಿ ಕಳುಹಿಸಿದ ಮೇಲೆ ನಾನು ಮಾಡಿದ ಕೆಲಸವೇನು ಗೊತ್ತೇ? ಬಸ್ ಪಾಸಿಗೆ ಬಂದಿದ್ದಾರೆಂದು ಮೊದಲೇ ಹೇಳಬಾರದಿತ್ತೇ ಎಂದು ಗುಮಾಸ್ತರನ್ನು ಗದರಿಸಿದೆ.

ಪ್ರಶ್ನೆ: ಹಾಸನ ನಗರದಲ್ಲಿದ್ದೇನೆ, ಓದಿರುವುದು ಪಿಯುಸಿವರೆಗೆ. ಮಗನ ಶಾಲೆಯ ರಿಸೆಪ್ಷನ್‌ನಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿಯೇ ಉತ್ತರಿಸುತ್ತಾರೆ. ಅರ್ಧ ಅರ್ಥವಾಗುವುದಿಲ್ಲ, ಮತ್ತೆ ಕೇಳಲು ಸಂಕೋಚ. ಕಳೆದ ವಾರ ಹೀಗೆ ತಡವರಿಸುವಾಗ ಮಗ ಪಕ್ಕದಲ್ಲಿದ್ದ. ಮನೆಗೆ ಬಂದವನು, ‘ಇನ್ನು ಮೇಲೆ ಆಫೀಸಿಗೆ ನೀನು ಬರಬೇಡ ಅಮ್ಮ, ಅಪ್ಪ ಬರಲಿ’ ಎಂದ. ಅಂದಿನಿಂದ ಊಟ ಸೇರುತ್ತಿಲ್ಲ.

ಉತ್ತರ: ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಒಳಗಿನ ಕೋಣೆಯಲ್ಲಿ ಅಂಕ ಕೊಟ್ಟು ಕಲಿಸುವ ಭಾಷೆಯನ್ನು ಹೊರಗಿನ ಕೌಂಟರಿನಲ್ಲಿ ಕೇಳಿಸದವರಂತೆ ಇರುವುದು ಎಷ್ಟು ವಿಚಿತ್ರವೋ ನೋಡಿ.

ಆ ರಿಸೆಪ್ಷನಿಸ್ಟ್ ಬಹುಮಟ್ಟಿಗೆ ಅರಸೀಕೆರೆಯವಳೋ ಹೊಳೆನರಸೀಪುರದವಳೋ ಆಗಿರುತ್ತಾಳೆ. ಮನೆಗೆ ಫೋನು ಮಾಡಿದಾಗ ‘ಏನವ್ವಾ, ಊಟ ಆಯ್ತಾ’ ಎನ್ನುತ್ತಾಳೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡಬೇಕೆಂದು ಅವಳಿಗೆ ಆಡಳಿತ ಮಂಡಳಿಯ ಅಪ್ಪಣೆಯಾಗಿರುತ್ತದೆ, ಏಕೆಂದರೆ ಶಾಲೆ ಮಾರುವ ಸರಕೇ ಅದು. ಈ ಸಂಗತಿ ನಿಮ್ಮ ಸಂಕೋಚವನ್ನು ಸ್ವಲ್ಪ ಕಡಿಮೆ ಮಾಡಬಹುದು. ಮುಂದಿನ ಸಲ ಅವಳು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ, ದನಿ ಏರಿಸದೆ, ‘ಇದನ್ನು ಕನ್ನಡದಲ್ಲಿ ಹೇಳಿ ಅಮ್ಮ, ನಾನು ಬರೆದುಕೊಳ್ಳುತ್ತೇನೆ’ ಎಂದು ಚೀಲದಿಂದ ಪೆನ್ನು ತೆಗೆಯಿರಿ. ಬರೆದುಕೊಳ್ಳುವವರ ಮುಂದೆ ಮಾತು ತಾನಾಗಿಯೇ ನಿಧಾನವಾಗುತ್ತದೆ, ಸ್ಪಷ್ಟವೂ ಆಗುತ್ತದೆ. ಪೋಷಕರ ಸಭೆಯಲ್ಲಿ, ಮನೆಗೆ ಬರುವ ಸುತ್ತೋಲೆಗಳು ಎರಡು ಭಾಷೆಯಲ್ಲಿಯೂ ಇರಲಿ ಎಂದು ನೀವೇ ಎದ್ದು ಕೇಳಿ. ಹಾಗೆ ಕೇಳಲು ಕಾಯುತ್ತಿರುವ ಹತ್ತು ತಾಯಂದಿರು ಆ ಸಭೆಯಲ್ಲಿ ಇರುತ್ತಾರೆ. ಮೊದಲು ಎದ್ದು ನಿಲ್ಲುವವರು ಯಾರು ಎಂಬುದಷ್ಟೇ ಅಲ್ಲಿನ ತೊಂದರೆ.

ಮಗನ ಮಾತಿಗೆ ಊಟ ಬಿಡಬೇಡಿ. ಅವನು ನಿಮ್ಮನ್ನು ಕಂಡು ನಾಚಿಕೊಂಡದ್ದಕ್ಕಿಂತ ನಿಮಗಾದ ಅವಮಾನವನ್ನು ನೋಡಲಾರದೆ ಹಾಗೆ ಹೇಳಿರುವ ಸಂಭವವೇ ಹೆಚ್ಚು. ಆ ವಯಸ್ಸಿನಲ್ಲಿ ಎರಡಕ್ಕೂ ಅವರ ಬಳಿ ಇರುವುದು ಒಂದೇ ಮಾತು. ಮುಂದಿನ ಸಲ ಅವನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಕೆಲಸ ಮುಗಿಸಿಕೊಂಡು ಬರುವುದನ್ನು ಅವನು ನೋಡಲಿ.

ಪ್ರಶ್ನೆ: ಸಕಲೇಶಪುರದ ಹಾನುಬಾಳು ಕಡೆಯವರು ನಾವು. ಜೋರು ಮಳೆಯ ದಿನ ರಜೆ ಇದೆಯೋ ಇಲ್ಲವೋ ಎಂದು ಕೇಳಲು ಶಾಲೆಗೆ ಫೋನು ಮಾಡಿದರೆ ಎತ್ತುವವರೇ ಇಲ್ಲ. ಮಗುವನ್ನು ರೆಡಿ ಮಾಡಿ ರಸ್ತೆಗೆ ಬಂದು ನಿಂತ ಮೇಲೆ ರಜೆ ಎಂದು ತಿಳಿಯುತ್ತದೆ. ಇದು ಬೇಜವಾಬ್ದಾರಿ ಅಲ್ಲವೇ?

ಉತ್ತರ: ಫೋನು ಎತ್ತಬೇಕಾದವರೂ ಅದೇ ಮಳೆಯಲ್ಲಿ ಬಸ್ಸಿಗೆ ಕಾಯುತ್ತಿರುತ್ತಾರೆ. ಮಳೆ ರಜೆಯನ್ನು ಶಾಲೆ ಕೊಡುವುದಲ್ಲ. ಜಿಲ್ಲಾಧಿಕಾರಿಗಳೋ, ತಾಲ್ಲೂಕಿಗಷ್ಟೇ ಆದರೆ ಕೆಲವೊಮ್ಮೆ ತಹಶೀಲ್ದಾರರೋ ಹಿಂದಿನ ರಾತ್ರಿ ಅಥವಾ ಅಂದಿನ ಬೆಳಗಿನ ಜಾವ ಪ್ರಕಟಿಸುತ್ತಾರೆ, ಶಾಲೆಗೆ ತಿಳಿಯುವುದೂ ನಿಮಗೆ ತಿಳಿಯುವ ಹೊತ್ತಿಗೇ. ಕಚೇರಿ ಒಂಬತ್ತೂವರೆಗೆ ತೆರೆದರೆ ನಿಮ್ಮ ವ್ಯಾನು ಏಳೂವರೆಗೆ ಹೊರಡುತ್ತದೆ. ಆ ಎರಡು ಗಂಟೆ ಫೋನು ಖಾಲಿ ಕೋಣೆಯಲ್ಲಿ ಬಡಿದುಕೊಳ್ಳುತ್ತದೆ. ಆದ್ದರಿಂದ ದೂರುವುದಾದರೆ ರಿಸೆಪ್ಷನಿಸ್ಟರನ್ನು ಬಿಟ್ಟು, ಬೆಳಿಗ್ಗೆ ಆರೂವರೆಯೊಳಗೆ ವ್ಯಾನಿನ ಡ್ರೈವರಿಗೂ ತರಗತಿಯ ಗ್ರೂಪಿಗೂ ಸಂದೇಶ ಕಳುಹಿಸುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ವಹಿಸದ ಮುಖ್ಯಸ್ಥರನ್ನು ದೂರಿ. ನಿಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಅಂಥ ದಿನ ಡ್ರೈವರ್ ಬಂದನೇ ಇಲ್ಲವೇ ಎಂಬುದೇ ಖಚಿತ ಸುದ್ದಿ. ಹೋದ ರಜೆಯನ್ನು ಶನಿವಾರ ಮಧ್ಯಾಹ್ನದ ತರಗತಿಗಳಲ್ಲಿ ವಸೂಲು ಮಾಡುವಾಗ ಮಾತ್ರ ಎಲ್ಲ ಶಾಲೆಗಳ ಫೋನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಸಿ.ಇ.ಟಿ.ಗೆಂದು ಮಗಳ ವ್ಯಾಸಂಗ ಪ್ರಮಾಣಪತ್ರ ಕೇಳಲು ಮೇ ತಿಂಗಳಲ್ಲಿ ಅವಳ ಹಳೆಯ ಶಾಲೆಗೆ ಹೋದರೆ, ಕೌಂಟರಿನವರು ‘ಜೂನ್‌ಗೆ ಬನ್ನಿ’ ಎಂದು ಕಳುಹಿಸಿದರು. ಒಂದು ಕಾಗದಕ್ಕೆ ಒಂದು ತಿಂಗಳೇ?

ಉತ್ತರ: ಈ ಒಂದು ಪತ್ರದಲ್ಲಿ ನಾನು ಕೌಂಟರಿನವರ ಕಡೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಸಹಿ ಮಾಡಬೇಕಾದ ಮುಖ್ಯ ಶಿಕ್ಷಕರು ಊರಲ್ಲಿರುವುದಿಲ್ಲ, ಹಳೆಯ ದಾಖಲಾತಿ ವಹಿ ಅವರ ಬೀರುವಿನಲ್ಲಿರುತ್ತದೆ. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರುವುದನ್ನು ತೋರಿಸುವ ಪ್ರಮಾಣಪತ್ರಕ್ಕೆ ಮುಖ್ಯಸ್ಥರ ಸಹಿಯ ಮೇಲೆ ಬಿ.ಇ.ಒ. ಅವರ ಮೇಲುರುಜುವೂ ಬೇಕು. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವುದಾದರೆ 1ರಿಂದ 10ನೇ ತರಗತಿಯವರೆಗಿನ ವಿವರವೂ ಬೇಕು. ಮಗು ಮೂರು ಶಾಲೆ ಬದಲಿಸಿದ್ದರೆ ಮೂರು ಬಾಗಿಲು ತಟ್ಟಬೇಕು. ಈಚೆಗೆ ಸ್ಯಾಟ್ಸ್ ಸಂಖ್ಯೆಯಿಂದ ಬಹಳಷ್ಟು ವಿವರ ತಾನಾಗಿಯೇ ತಾಳೆಯಾಗುತ್ತದೆ, ಆದರೆ ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ಮತ್ತೆ ಕಾಗದವೇ ಗತಿ. ಎರಡನೇ ಮಗುವಿದ್ದರೆ, ಅದು ದ್ವಿತೀಯ ಪಿಯುಸಿಗೆ ಬಂದ ವರ್ಷದ ಡಿಸೆಂಬರಿನಲ್ಲೇ ಈ ಕೆಲಸ ಮುಗಿಸಿ.

ಪ್ರಶ್ನೆ: ಹಾಸನದ ಶಾಲೆಯೊಂದರಲ್ಲಿ ನಾಲ್ಕು ವರ್ಷದಿಂದ ರಿಸೆಪ್ಷನಿಸ್ಟ್ ಆಗಿದ್ದೇನೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆವರೆಗೆ ಕೆಲಸ, ಕೈಗೆ ಬರುವುದು ಒಂಬತ್ತು ಸಾವಿರ. ಬಾಕಿ ಇರುವವರಿಗೆ ಟಿ.ಸಿ. ಕೊಡಬೇಡ ಎನ್ನುವವರು ಮ್ಯಾನೇಜ್‌ಮೆಂಟಿನವರು, ಬೈಸಿಕೊಳ್ಳುವವಳು ನಾನು. ಹೋದ ತಿಂಗಳು ಬೈಕಿನಲ್ಲಿ ಬಂದ ಒಬ್ಬರು, ತಾವು ಎರಡನೇ ತರಗತಿಯ ಹುಡುಗಿಯ ಸೋದರಮಾವನೆಂದೂ, ಅಕ್ಕ ಆಸ್ಪತ್ರೆಯಲ್ಲಿರುವುದರಿಂದ ಮಗುವನ್ನು ಕಳುಹಿಸಬೇಕೆಂದೂ ಕೇಳಿದರು. ಮಗು ‘ಮಾಮ’ ಎಂದು ಓಡಿಬಂತು. ಆದರೆ ಅವರ ಹೆಸರು ನಮ್ಮ ಪಟ್ಟಿಯಲ್ಲಿರಲಿಲ್ಲ, ತಾಯಿಯ ಫೋನು ಸ್ವಿಚ್ ಆಫ್, ತಂದೆಯದು ನಾಟ್ ರೀಚಬಲ್. ನಲವತ್ತು ನಿಮಿಷ ಕಳುಹಿಸಲಿಲ್ಲ. ಕೊನೆಗೆ ತಂದೆಯೇ ಬಂದು, ಎಲ್ಲರ ಮುಂದೆ, ‘ನಿನಗೆ ಮನುಷ್ಯತ್ವ ಇಲ್ಲವೇನೇ’ ಎಂದು ಏಕವಚನದಲ್ಲಿ ಕೂಗಾಡಿದರು. ಬಂದವರು ನಿಜವಾಗಿಯೂ ಸೋದರಮಾವನೇ. ನನ್ನಿಂದ ತಪ್ಪಾಯಿತೇ?

ಉತ್ತರ: ಇಲ್ಲ. ಅವರು ಸೋದರಮಾವನೇ ಎಂದು ನಲವತ್ತು ನಿಮಿಷದ ಮೇಲೆ ಗೊತ್ತಾದದ್ದರಿಂದ ಮೊದಲ ನಿಮಿಷದ ನಿರ್ಧಾರ ತಪ್ಪಾಗುವುದಿಲ್ಲ. ಮಗು ಗುರುತು ಹಿಡಿಯುವುದೂ ಸಾಲದು. ಮಕ್ಕಳಿಗೆ ಕೇಡು ಬಗೆಯುವವರಲ್ಲಿ ಪರಿಚಿತರೇ ಹೆಚ್ಚು ಎಂಬುದನ್ನು ಈ ಕೆಲಸದಲ್ಲಿರುವವರು ಮರೆಯಬಾರದು. ಪೋಷಕರು ನಿಮ್ಮನ್ನು ಗೊಣಗುವುದು ನೀವು ‘ಆಗುವುದಿಲ್ಲ’ ಎಂದಾಗ. ಆದರೆ ತಮ್ಮ ಮಗುವಿನ ವಿಷಯದಲ್ಲಿ ಅಪರಿಚಿತನೊಬ್ಬನಿಗೆ ನೀವು ‘ಆಗುತ್ತದೆ’ ಎಂದಿದ್ದರೆ ಅದೇ ತಂದೆ ಏನೆನ್ನುತ್ತಿದ್ದರು? ಅವರು ನಿಮ್ಮಲ್ಲಿ ಒಂದು ಮಾತು ಬಾಕಿ ಉಳಿಸಿಕೊಂಡಿದ್ದಾರೆ. ಈ ಅಂಕಣ ಅವರ ಕಣ್ಣಿಗೆ ಬಿದ್ದರೆ ಬಂದು ತೀರಿಸಲಿ.

ಆದರೂ ಆ ನಲವತ್ತು ನಿಮಿಷವನ್ನು ಹೇಗೆ ಕಳೆಯಬಹುದಿತ್ತು ಎಂದು ಯೋಚಿಸಿ. ಆ ಸೋದರಮಾವನಿಗೆ ಕುರ್ಚಿ ತೋರಿಸಿ, ನೀರು ಕೊಟ್ಟು, ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದ ಕಾರಣ ಮನೆಯವರು ಹೇಳುವವರೆಗೆ ಕಳುಹಿಸಲಾಗದು, ನಿಮ್ಮ ಮಗುವಾಗಿದ್ದರೂ ಹೀಗೇ ಮಾಡುತ್ತಿದ್ದೆ’ ಎಂದು ಒಮ್ಮೆ ಹೇಳಿದ್ದರೆ, ಅವರ ಭಾವನಿಗೆ ಹೋದ ಫೋನಿನಲ್ಲಿ ಬೇರೆ ಕಥೆ ಇರುತ್ತಿತ್ತು. ನೀವು ಹೇಳಿದ್ದರೂ ಹೇಳಿರಬಹುದು. ಪತ್ರದಲ್ಲಿ ಅದು ಇಲ್ಲ. ಮುಂದೆ ಇಂಥದು ಬಂದಾಗ, ಬಂದವರು ಕೊಡುವ ನಂಬರಿಗೆ ಕರೆ ಮಾಡದೆ ದಾಖಲಾತಿ ಅರ್ಜಿಯಲ್ಲಿರುವ ನಂಬರಿಗೇ ಮಾಡಿ. ಗೇಟಿನ ಪುಸ್ತಕದಲ್ಲಿ ಬಂದವರ ಸಹಿ, ಸಮಯ, ಗುರುತಿನ ಚೀಟಿಯ ವಿವರ ಬರೆಸಿಕೊಂಡು, ತರಗತಿಯ ಶಿಕ್ಷಕಿಯ ಸಹಿಯನ್ನೂ ಪಡೆಯಿರಿ. ತಂದೆ ತಾಯಿಯ ಜೊತೆಗೆ ಇನ್ನಿಬ್ಬರ ಹೆಸರು, ಫೋಟೊ, ನಂಬರನ್ನು ಪ್ರತಿ ಜೂನ್‌ನಲ್ಲಿ ಹೊಸದಾಗಿ ತೆಗೆದುಕೊಳ್ಳುವಂತೆ ನಿಮ್ಮ ಮುಖ್ಯಸ್ಥರಿಗೆ ಹೇಳಿ.

ಬೈಗುಳದ ವಿಷಯಕ್ಕೆ ಬರುತ್ತೇನೆ. ಮುಖ್ಯಸ್ಥರು ಪೋಷಕರಿಗೆ ಸಿಗುವ ಒಂದು ಗಂಟೆಯನ್ನು, ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಎಂದಿಟ್ಟುಕೊಳ್ಳಿ, ಬೋರ್ಡಿನ ಮೇಲೆ ಬರೆಸಿ. ಯಾವ ಪ್ರಮಾಣಪತ್ರಕ್ಕೆ ಎಷ್ಟು ದಿನ ಎಂಬುದನ್ನೂ ಅದರ ಕೆಳಗೆ ಬರೆಸಿ. ನಿಮ್ಮ ಬಾಯಿಂದ ಹೊರಡುವ ‘ನಾಳೆ ಬನ್ನಿ’ಯಲ್ಲಿ ಅರ್ಧಭಾಗ ಆ ಬೋರ್ಡಿಗೆ ವರ್ಗವಾಗುತ್ತದೆ. ಟಿ.ಸಿ. ಕೊಡಬೇಡ ಎಂಬ ಅಪ್ಪಣೆಯನ್ನು ಬರೆದು ಕೊಡಿ ಎಂದು ಕೇಳುವುದು ನಿಮ್ಮ ಕೆಲಸಕ್ಕೆ ಸಂಚಕಾರ ತರಬಹುದು, ಆ ಧೈರ್ಯದ ಉಪದೇಶವನ್ನು ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕುಳಿತವಳು ನಿಮಗೆ ಮಾಡುವುದಿಲ್ಲ. ಆದರೆ ಒಂದು ಕೆಲಸವನ್ನು ನೀವು ಯಾರನ್ನೂ ಕೇಳದೆ ಮಾಡಬಹುದು. ಆಲೂರಿನ ಆ ರೈತರಂಥವರು ಎರಡು ಪ್ರತಿ ಹಿಡಿದು ಬಂದಾಗ, ತಲೆ ಎತ್ತಿ ನೋಡಿ, ಅರ್ಜಿ ತೆಗೆದುಕೊಂಡು, ಆವಕ ಪುಸ್ತಕದಲ್ಲಿ ನಂಬರು ಹಾಕಿ, ಅವರ ಪ್ರತಿಯ ಮೇಲೆ ಮುದ್ರೆ ಒತ್ತಿ ಕೊಡಿ. ಏಕೆ ಒತ್ತಿದೆ ಎಂದು ಒಳಗಿನವರು ಕೇಳಿದರೆ, ‘ಬಂದ ಟಪಾಲನ್ನು ತೆಗೆದುಕೊಂಡೆ ಸರ್, ಒಪ್ಪಿಗೆ ಕೊಡುವುದು ಬಿಡುವುದು ತಮಗೆ ಬಿಟ್ಟದ್ದು’ ಎಂದು ಹೇಳಿ, ಕಾಗದವನ್ನು ಅವರ ಮೇಜಿನ ಮೇಲೆ ಇಟ್ಟು ಬನ್ನಿ.